ಲಿಪೊಸೋಮಿಗೆ ಕೈಟೋಸಾನ್ ಹೊದಿಸುವುದು: ಲೆಕ್ಕದಿಂದ ಶೀಷೆಯವರೆಗೆ

ಸರಿಯಾಗಿ ತಯಾರಾದ ಲಿಪೊಸೋಮ್ ದ್ರವವನ್ನು ಬೆಳಕಿಗೆ ಹಿಡಿದರೆ ಅದು ಹಾಲಿನಂತೆ ಬಿಳಿಯಾಗಿರುವುದಿಲ್ಲ. ಅಂಚಿನಲ್ಲಿ ತೆಳುವಾದ ನೀಲಿ ಛಾಯೆಯಿರುತ್ತದೆ, ಶೀಷೆಯ ಆಚೆಗಿನ ಅಕ್ಷರ ಮಸುಕಾಗಿಯಾದರೂ ಕಾಣುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಅಂಥದೊಂದು ದ್ರವಕ್ಕೆ ನಾನು ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಉದ್ದನೆಯ ಸಕ್ಕರೆ ಸರಪಳಿ) ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಪ್ರಮಾಣವನ್ನು ಬೇರೆ ಯಾರದೋ ಪ್ರಯೋಗದಿಂದ ಹಾಗೆಯೇ ಎತ್ತಿಕೊಂಡಿದ್ದೆ. ಐದಾರು ಹನಿಗಳವರೆಗೆ ಏನೂ ಆಗಲಿಲ್ಲ. ಆಮೇಲೆ ನೀಲಿ ಛಾಯೆ ಮಾಯವಾಗಿ ದ್ರವ ಬೆಳ್ಳಗಾಯಿತು, ಕಣ್ಣೆದುರೇ ಹಾಲು ಒಡೆದಂತೆ ಬಿಳಿಯ ತುಣುಕುಗಳು ತಳಕ್ಕೆ ಇಳಿದವು. ಎರಡು ದಿನಗಳ ಕೆಲಸ ಹೋಯಿತು. ಅಂದು ಏನಾಯಿತೆಂದು ಅರ್ಥ ಮಾಡಿಕೊಳ್ಳಲು ಹಿಡಿದ ಸಮಯದಲ್ಲಿ ಕಲಿತದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಲಿಪೊಸೋಮ್ ಎಂದರೆ ಫಾಸ್ಫೊಲಿಪಿಡ್‌ಗಳ ಇಮ್ಮಡಿ ಪದರದಿಂದಾದ ಸೂಕ್ಷ್ಮ ಚೀಲ. 1960ರ ದಶಕದಲ್ಲಿ ಇಂಗ್ಲೆಂಡಿನ ಬಾಬ್ರಹಾಮಿನಲ್ಲಿ ಅಲೆಕ್ ಬ್ಯಾಂಗ್‌ಹ್ಯಾಮ್ ಮತ್ತು ಅವರ ಸಂಗಡಿಗರು ಇದನ್ನು ಮೊದಲು ವಿವರಿಸಿದರು. ಒಳಗಿನ ನೀರಿನಲ್ಲಿ ನೀರಿಗೆ ಒಗ್ಗುವ ಔಷಧವನ್ನೂ ಪೊರೆಯೊಳಗೆ ಕೊಬ್ಬಿಗೆ ಒಗ್ಗುವ ಔಷಧವನ್ನೂ ತುಂಬಬಹುದು. ಆದರೆ ಬರಿಯ ಲಿಪೊಸೋಮ್ ಬಲು ನಾಜೂಕು. ಪಿತ್ತರಸದ ಲವಣಗಳು ಅದನ್ನು ಕರಗಿಸುತ್ತವೆ, ರಕ್ತದ ಪ್ರೋಟೀನುಗಳು ಅಂಟಿಕೊಳ್ಳುತ್ತವೆ, ಯಕೃತ್ತಿನ ಭಕ್ಷಕ ಕೋಶಗಳು ನುಂಗುತ್ತವೆ. ಆದ್ದರಿಂದ ಹೊದಿಕೆ ಬೇಕು. 1995ರಲ್ಲಿ ಅಮೆರಿಕದಲ್ಲಿ ಮಂಜೂರಾದ ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧದಲ್ಲಿ ಆ ಕೆಲಸವನ್ನು ಪಾಲಿಎಥಿಲೀನ್ ಗ್ಲೈಕಾಲ್ ಮಾಡುತ್ತದೆ. ಬಾಯಿ, ಮೂಗು, ಕಣ್ಣಿನ ಮೂಲಕ ಔಷಧ ಕೊಡುವುದಾದರೆ ಪಾಲಿಸ್ಯಾಕರೈಡ್‌ಗಳು (ಕೈಟೋಸಾನಿನಂಥ ಸಕ್ಕರೆ ಸರಪಳಿಗಳು) ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಅವುಗಳಲ್ಲಿ ಹಲವು ಲೋಳೆಪೊರೆಗೆ ಅಂಟುತ್ತವೆ, ದೇಹದಲ್ಲಿ ವಿಷವಾಗುವ ಭಯವೂ ಕಡಿಮೆ.

ಮೊದಲ ಹಂತ: ಜೋಡಿಯನ್ನು ಆರಿಸುವುದು

ಪಾಲಿಸ್ಯಾಕರೈಡ್‌ನ ವಿದ್ಯುದಾವೇಶ ಯಾವುದು, ಲಿಪೊಸೋಮ್ ಮೇಲ್ಮೈಯ ಆವೇಶ ಯಾವುದು ಎಂಬ ಪ್ರಶ್ನೆಯಿಂದ ಆರಂಭಿಸಿ. ಕೈಟೋಸಾನ್ ಆಮ್ಲೀಯ ನೀರಿನಲ್ಲಿ ಧನಾವೇಶ ತಳೆಯುತ್ತದೆ, ಅದಕ್ಕೆ ಋಣಾವೇಶದ ಲಿಪೊಸೋಮ್ ಜೊತೆಗಾರ. ಆಲ್ಜಿನೇಟ್, ಹಯಲುರಾನಿಕ್ ಆಮ್ಲ, ಪೆಕ್ಟಿನ್ ಇವು ಋಣಾವೇಶದವು, ಇವಕ್ಕೆ ಧನಾವೇಶದ ಲಿಪಿಡ್ ಬೆರೆಸಿದ ಲಿಪೊಸೋಮ್ ಬೇಕು. ಡೆಕ್ಸ್ಟ್ರಾನ್, ಪುಲುಲಾನ್ ತಟಸ್ಥ. ಇವು ತಾವಾಗಿ ಗಟ್ಟಿಯಾಗಿ ಅಂಟುವುದಿಲ್ಲ. ಅವುಗಳ ಸರಪಳಿಗೆ ಅಲ್ಲಲ್ಲಿ ಕೊಲೆಸ್ಟರಾಲ್ ಕಟ್ಟಿ, ಆ ಕೊಲೆಸ್ಟರಾಲ್ ಪೊರೆಯೊಳಗೆ ಲಂಗರಿನಂತೆ ನಾಟುವಂತೆ ಮಾಡಬೇಕಾಗುತ್ತದೆ.

ಈ ಮಾರ್ಗದರ್ಶಿಯಲ್ಲಿ ಕೈಟೋಸಾನನ್ನೇ ಹಿಡಿದು ಹೋಗುತ್ತೇನೆ. ಒಂದನ್ನು ಸರಿಯಾಗಿ ತಿಳಿದರೆ ಉಳಿದವಕ್ಕೆ ಲೆಕ್ಕವನ್ನು ತಿರುಗಿಸಿ ಹಾಕಿಕೊಳ್ಳಬಹುದು.

ಕೈಟೋಸಾನಿನ ಅಮೈನೋ ಗುಂಪಿನ ಪಿಕೆಎ (ಅರ್ಧದಷ್ಟು ಗುಂಪುಗಳು ಆವೇಶ ಹೊತ್ತಿರುವ ಪಿಎಚ್) ಸುಮಾರು 6.5. ಎಂದರೆ ಪಿಎಚ್ 5ರಲ್ಲಿ ನೂರಕ್ಕೆ 97ರಷ್ಟು ಗುಂಪುಗಳು ಧನಾವೇಶ ಹೊತ್ತಿರುತ್ತವೆ, ಪಿಎಚ್ 7.4ರಲ್ಲಿ ನೂರಕ್ಕೆ 11 ಮಾತ್ರ. ಈ ಎರಡು ಅಂಕಿಗಳನ್ನು ನೆನಪಿಡಿ, ಕೊನೆಯ ಹಂತಗಳಲ್ಲಿ ಮತ್ತೆ ಬೇಕಾಗುತ್ತವೆ.

ಎರಡನೆಯ ಹಂತ: ಕೈ ಹಚ್ಚುವ ಮುನ್ನ ಲೆಕ್ಕ

ಬಹಳಷ್ಟು ಜನ ಈ ಹಂತವನ್ನು ಬಿಟ್ಟೇ ಮುಂದೆ ಹೋಗುತ್ತಾರೆ, ನಾನೂ ಬಿಟ್ಟಿದ್ದೆ. ಅರ್ಧ ಗಂಟೆಯ ಕೆಲಸ, ಒಂದು ಕಾಗದ ಸಾಕು.

100 ನ್ಯಾನೋಮೀಟರ್ ವ್ಯಾಸದ ಲಿಪೊಸೋಮನ್ನು ತೆಗೆದುಕೊಳ್ಳಿ. ಅದರ ಹೊರ ಮೇಲ್ಮೈ ಸುಮಾರು 31,400 ಚದರ ನ್ಯಾನೋಮೀಟರ್. ಒಂದು ಲಿಪಿಡ್ ಅಣು ಸುಮಾರು 0.7 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ ಹೊರ ಪದರದಲ್ಲಿ 45,000 ಅಣುಗಳು, ಪೊರೆಯ ದಪ್ಪ 4 ನ್ಯಾನೋಮೀಟರ್ ಎಂದುಕೊಂಡರೆ ಒಳ ಪದರದಲ್ಲಿ 38,000, ಒಟ್ಟು 83,000. ಲಿಪಿಡ್ ಸಾಂದ್ರತೆ 1 ಮಿಲಿಮೋಲಾರ್ (ಲೀಟರಿಗೆ ಒಂದು ಮೋಲಿನ ಸಾವಿರದಲ್ಲೊಂದು ಭಾಗ) ಇದ್ದರೆ 1 ಮಿಲಿಲೀಟರಿನಲ್ಲಿ ಸುಮಾರು 7 ಲಕ್ಷ ಕೋಟಿ ಲಿಪೊಸೋಮ್‌ಗಳಿರುತ್ತವೆ. ಅವೆಲ್ಲದರ ಹೊರ ಮೇಲ್ಮೈ ಕೂಡಿಸಿದರೆ 0.23 ಚದರ ಮೀಟರ್. ಬೆರಳ ತುದಿಯಷ್ಟು ದ್ರವದಲ್ಲಿ ಒಂದು ಸಣ್ಣ ಮೇಜಿನ ಹಲಗೆಯಷ್ಟು ಜಾಗ ಮಡಿಚಿಕೊಂಡಿದೆ! ನೀವು ಹೊದಿಕೆ ಹಾಕಬೇಕಾದದ್ದು ಅಷ್ಟು ಜಾಗಕ್ಕೆ.

ಈಗ ಆವೇಶದ ಲೆಕ್ಕ. ಲಿಪಿಡ್‌ಗಳಲ್ಲಿ ನೂರಕ್ಕೆ 10ರಷ್ಟು ಋಣಾವೇಶದ ಫಾಸ್ಫಟಿಡಿಲ್‌ಗ್ಲಿಸರಾಲ್ ಇದ್ದರೆ ಒಂದು ಲಿಪೊಸೋಮಿನ ಹೊರಮೈಯಲ್ಲಿ 4,500 ಋಣಾವೇಶಗಳು. ನೂರಕ್ಕೆ 85ರಷ್ಟು ಅಸಿಟೈಲ್ ತೆಗೆದ (ಎಂದರೆ ಅಷ್ಟು ಘಟಕಗಳಲ್ಲಿ ಅಮೈನೋ ಗುಂಪು ತೆರೆದಿರುವ) ಕೈಟೋಸಾನಿನಲ್ಲಿ ಪ್ರತಿ ಧನಾವೇಶಕ್ಕೆ ಸರಿಸುಮಾರು 197 ಡಾಲ್ಟನ್ (ಅಣುತೂಕದ ಮಾನ) ತೂಕ ಬರುತ್ತದೆ. 50,000 ಡಾಲ್ಟನ್ ತೂಕದ ಒಂದು ಸರಪಳಿಯಲ್ಲಿ ಸುಮಾರು 250 ಧನಾವೇಶಗಳು. ಭಾಗಿಸಿ ನೋಡಿ: ಕೇವಲ 18 ಸರಪಳಿಗಳು ಒಂದು ಲಿಪೊಸೋಮಿನ ಆವೇಶವನ್ನೆಲ್ಲ ಸರಿದೂಗಿಸಿಬಿಡುತ್ತವೆ. 1 ಮಿಲಿಮೋಲಾರ್ ಲಿಪಿಡಿಗೆ ಇದು ಮಿಲಿಲೀಟರಿಗೆ 0.01 ಮಿಲಿಗ್ರಾಂ ಕೈಟೋಸಾನ್.

ಆದರೆ ಮೇಲ್ಮೈ ಪೂರ್ತಿ ಮುಚ್ಚಲು ಎಷ್ಟು ಬೇಕು? ಪಾಲಿಮರ್‌ಗಳು ಸಾಮಾನ್ಯವಾಗಿ ಚದರ ಮೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿ ಕೂರುತ್ತವೆ ಎಂಬ ಒರಟು ಅಂದಾಜನ್ನು ಹಿಡಿದರೆ 0.23 ಮಿಲಿಗ್ರಾಂ. ಎಂದರೆ ಲಿಪೊಸೋಮಿಗೆ 380 ಸರಪಳಿಗಳು. 18 ಎಲ್ಲಿ, 380 ಎಲ್ಲಿ! ನಿಮ್ಮ ಪ್ರಯೋಗ ನಡೆಯಬೇಕಾದದ್ದು ಈ ಎರಡು ಅಂಕಿಗಳ ನಡುವಿನ ಹರವಿನಲ್ಲಿ, ಅವುಗಳ ಎರಡೂ ಬದಿಗೆ ಸ್ವಲ್ಪ ಜಾಗ ಬಿಟ್ಟುಕೊಂಡು.

ಒಡೆಯುವುದು ಏಕೆ

18 ಸರಪಳಿಗಳಿರುವ ಲಿಪೊಸೋಮನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಒಂದೊಂದು ಸರಪಳಿಯೂ ಬಿಡಿಸಿ ಚಾಚಿದರೆ ಸುಮಾರು 150 ನ್ಯಾನೋಮೀಟರ್ ಉದ್ದ. ಲಿಪೊಸೋಮಿನ ಸುತ್ತಳತೆ 314. ಅದು ಸಮನಾಗಿ ಬಳಿದ ಬಣ್ಣವಲ್ಲ, ಚೆಂಡಿನ ಮೇಲೆ ಅಲ್ಲಲ್ಲಿ ಅಂಟಿಸಿದ ತೇಪೆಗಳು. ತೇಪೆಯಿರುವಲ್ಲಿ ಧನಾವೇಶ, ಇಲ್ಲದಲ್ಲಿ ಋಣಾವೇಶ, ಕೂಡಿ ಕಳೆದರೆ ಸೊನ್ನೆ. ದೂರದಿಂದ ಒಂದನ್ನೊಂದು ತಳ್ಳುವ ಬಲ ಹೋಯಿತು. ಹತ್ತಿರ ಬಂದರೆ ಒಂದರ ತೇಪೆ ಇನ್ನೊಂದರ ಬರಿಮೈಗೆ ಅಂಟುತ್ತದೆ. ಒಂದೇ ಸರಪಳಿಯ ಎರಡು ತುದಿ ಎರಡು ಲಿಪೊಸೋಮ್‌ಗಳನ್ನು ಹಿಡಿದು ಸೇತುವೆಯೂ ಆಗಬಹುದು. ಅಂದು ನನ್ನ ಶೀಷೆಯಲ್ಲಿ ಆದದ್ದು ಇದೇ: ಹನಿಹನಿಯಾಗಿ ಬಿಟ್ಟು ಇಡೀ ದ್ರವವನ್ನು ಈ ಸೊನ್ನೆಯ ಬಿಂದುವಿನ ಮೂಲಕ ನಿಧಾನವಾಗಿ ನಡೆಸಿಕೊಂಡು ಹೋಗಿದ್ದೆ.

ಸೊನ್ನೆ ದಾಟಿದ ಮೇಲೂ ಸರಪಳಿಗಳು ಏಕೆ ಬಂದು ಕೂರುತ್ತವೆ ಎಂಬುದು ಸಹಜವಾದ ಪ್ರಶ್ನೆ. ಆಕರ್ಷಣೆ ಒಂದೇ ಕಾರಣವಲ್ಲ. ಪೊರೆಯ ಬಳಿಯೂ ಸರಪಳಿಯ ಬಳಿಯೂ ಸುತ್ತುವರಿದಿದ್ದ ಸಣ್ಣ ಅಯಾನುಗಳು, ಇವೆರಡೂ ಕೂಡಿದಾಗ ಬಿಡುಗಡೆಯಾಗಿ ನೀರಿಗೆ ಹರಡಿಕೊಳ್ಳುತ್ತವೆ. ಆ ಎಂಟ್ರೊಪಿಯ (ಚದುರುವಿಕೆಯ) ಲಾಭ ದೊಡ್ಡದು. ಹೈಡ್ರೋಜನ್ ಬಂಧಗಳೂ ಸರಪಳಿಯಲ್ಲಿ ಉಳಿದ ಅಸಿಟೈಲ್ ಗುಂಪುಗಳ ನೀರೊಲ್ಲದ ಸ್ವಭಾವವೂ ತಮ್ಮ ಪಾಲು ಸೇರಿಸುತ್ತವೆ. ಜೊತೆಗೆ, ಕೂತ ಸರಪಳಿ ಉದ್ದಕ್ಕೂ ಪೊರೆಗೆ ಒರಗಿರುವುದಿಲ್ಲ. ಕೆಲವು ಭಾಗ ಒರಗುತ್ತದೆ, ಕೆಲವು ಕುಣಿಕೆಯಾಗಿ ಏಳುತ್ತದೆ, ತುದಿಗಳು ನೀರಿಗೆ ಚಾಚುತ್ತವೆ. ಹೀಗೆ ಎದ್ದ ಕುಣಿಕೆಗಳ ಧನಾವೇಶ ಲೆಕ್ಕಕ್ಕಿಂತ ಹೆಚ್ಚಾಗಿ ಉಳಿದು ಲಿಪೊಸೋಮನ್ನು ಮತ್ತೆ ಸ್ಥಿರಗೊಳಿಸುತ್ತದೆ, ಈ ಬಾರಿ ಎದುರು ಚಿಹ್ನೆಯಲ್ಲಿ.

ಮೂರನೆಯ ಹಂತ: ಎರಡು ದ್ರಾವಣಗಳ ತಯಾರಿ

ಲಿಪೊಸೋಮಿಗೆ: ಮೊಟ್ಟೆಯ ಫಾಸ್ಫಟಿಡಿಲ್‌ಕೋಲೀನ್ 69 ಮಿಲಿಗ್ರಾಂ, ಮೊಟ್ಟೆಯ ಫಾಸ್ಫಟಿಡಿಲ್‌ಗ್ಲಿಸರಾಲ್ 8 ಮಿಲಿಗ್ರಾಂ ತೂಗಿ ಕ್ಲೋರೊಫಾರ್ಮಿನಲ್ಲಿ ಕರಗಿಸಿ. ಕ್ಲೋರೊಫಾರ್ಮಿನ ಕೆಲಸವೆಲ್ಲ ಹೊಗೆ ಹೀರುವ ಕಪಾಟಿನೊಳಗೇ ನಡೆಯಲಿ. ರೋಟರಿ ಇವಾಪೊರೇಟರಿನಲ್ಲಿ ಆರಿಸಿದರೆ ದುಂಡು ತಳದ ಫ್ಲಾಸ್ಕಿನ ಒಳಗೋಡೆಗೆ ತೆಳು ಪದರ ಹತ್ತುತ್ತದೆ. ಉಳಿದ ದ್ರಾವಕ ಹೋಗಲು ಇನ್ನೂ ಕೆಲವು ಗಂಟೆ ನಿರ್ವಾತದಲ್ಲಿಡಿ. ಬಳಿಕ ಪಿಎಚ್ 5ರ 10 ಮಿಲಿಮೋಲಾರ್ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) 10 ಮಿಲಿಲೀಟರ್ ಹಾಕಿ ಅಲುಗಿಸಿ. ಈ ಲಿಪಿಡ್‌ಗಳು ಕೊಠಡಿಯ ಶಾಖದಲ್ಲೇ ದ್ರವಸ್ಥಿತಿಯಲ್ಲಿರುವುದರಿಂದ ಬಿಸಿ ಮಾಡಬೇಕಿಲ್ಲ. ಡೈಪಾಲ್ಮಿಟೊಯಿಲ್ ಬಗೆಯ ಲಿಪಿಡ್ ಬಳಸಿದರೆ ಅದರ ಪರಿವರ್ತನಾ ತಾಪ 41 ಡಿಗ್ರಿ ಸೆಲ್ಸಿಯಸ್, ಡೈಸ್ಟಿಯರೊಯಿಲ್ ಆದರೆ 55. ನೀರುಣಿಸುವುದೂ ಸೋಸುವುದೂ ಆ ತಾಪಕ್ಕಿಂತ ಮೇಲೆಯೇ ಆಗಬೇಕು.

ಆಮೇಲೆ 100 ನ್ಯಾನೋಮೀಟರ್ ರಂಧ್ರದ ಪಾಲಿಕಾರ್ಬನೇಟ್ ಪೊರೆಯ ಮೂಲಕ ಎಕ್ಸ್‌ಟ್ರೂಡರಿನಲ್ಲಿ 21 ಸಲ ಹಾಯಿಸಿ. ಮೊದಲ ಕೆಲವು ಸಲ ಸಿರಿಂಜು ಹೆಬ್ಬೆರಳಿಗೆ ಬಲವಾಗಿ ಎದುರು ಒತ್ತುತ್ತದೆ, ಹತ್ತು ದಾಟುವಷ್ಟರಲ್ಲಿ ಸಲೀಸಾಗುತ್ತದೆ. ಒಮ್ಮೆಲೇ ತೀರಾ ಸಲೀಸಾಯಿತೆಂದರೆ ಪೊರೆ ಹರಿದಿದೆ ಎಂದರ್ಥ. ಬೆಸ ಸಂಖ್ಯೆ ಏಕೆಂದರೆ, ಕೊನೆಗೆ ದ್ರವ ಎದುರು ಸಿರಿಂಜಿನಲ್ಲಿರಬೇಕು, ಹಾಯದೆ ಉಳಿದ ದೊಡ್ಡ ಕಣಗಳು ಅದರಲ್ಲಿ ಬೆರೆಯಬಾರದು. ಮೊದಲಿಗೆ ಕೊಲೆಸ್ಟರಾಲ್ ಬೇಡ ಎಂದು ಸಲಹೆ ಕೊಡುತ್ತೇನೆ. ಸರಳ ಪೊರೆಯಲ್ಲಿ ಆಟದ ನಿಯಮ ತಿಳಿದ ಮೇಲೆ ಸೇರಿಸಿಕೊಳ್ಳಿ, ಲೆಕ್ಕವನ್ನೂ ಆಗ ತಿದ್ದಿಕೊಳ್ಳಿ.

ಕೈಟೋಸಾನಿಗೆ: ಪುಡಿಯನ್ನು ನೂರಕ್ಕೆ 1ರ ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ ಕಲಕಿ, 0.45 ಮೈಕ್ರೋಮೀಟರ್ ಶೋಧಕದಲ್ಲಿ ಸೋಸಿ. ಅದನ್ನು ಹಾಗೆಯೇ ಲಿಪೊಸೋಮಿಗೆ ಬೆರೆಸಬೇಡಿ. ನೂರಕ್ಕೆ 1ರ ಅಸಿಟಿಕ್ ಆಮ್ಲವೆಂದರೆ ಲೀಟರಿಗೆ ಸುಮಾರು 0.17 ಮೋಲ್, ನಿಮ್ಮ ಬಫರಿನ ಹದಿನೇಳು ಪಟ್ಟು. ಆವೇಶವಿಲ್ಲದ ಅಸಿಟಿಕ್ ಆಮ್ಲದ ಅಣು ಪೊರೆಯನ್ನು ಸುಲಭವಾಗಿ ದಾಟಿ ಒಳಗಿನ ಪಿಎಚ್ ಬದಲಿಸುತ್ತದೆ. ಪಿಎಚ್ ವ್ಯತ್ಯಾಸದ ಬಲದಿಂದ ಔಷಧವನ್ನು ಒಳಗೆ ತುಂಬಿದ್ದರೆ ಆ ವ್ಯತ್ಯಾಸವೇ ಅಳಿದು ಔಷಧ ಹೊರಗೆ ಬರುತ್ತದೆ. ಆಮೇಲೆ ‘ಕೈಟೋಸಾನ್ ಪೊರೆಯನ್ನು ತೂತು ಮಾಡಿತು’ ಎಂದು ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಆದ್ದರಿಂದ ಕೈಟೋಸಾನ್ ದ್ರಾವಣವನ್ನು ಅದೇ ಅಸಿಟೇಟ್ ಬಫರಿನ ಎದುರು, ಸಣ್ಣ ಅಣುಗಳು ಮಾತ್ರ ದಾಟುವ ಪೊರೆಯ ಚೀಲದಲ್ಲಿಟ್ಟು, ಡಯಾಲಿಸಿಸ್ ಮಾಡಿ. ಫಾಸ್ಫೇಟ್ ಬಫರನ್ನು ಈ ಹಂತದಲ್ಲಿ ದೂರವಿಡಿ, ಬಹು ಆವೇಶದ ಅಯಾನುಗಳು ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತವೆ.

ನಾಲ್ಕನೆಯ ಹಂತ: ಎಂಟು ನಳಿಕೆಗಳು

ಲಿಪೊಸೋಮನ್ನು ಬಫರಿನಿಂದ 2 ಮಿಲಿಮೋಲಾರಿಗೆ ತೆಳುಗೊಳಿಸಿ. ಎಂಟು ನಳಿಕೆಗಳಲ್ಲಿ ತಲಾ ಅರ್ಧ ಮಿಲಿಲೀಟರ್ ಕೈಟೋಸಾನ್ ದ್ರಾವಣವನ್ನು ಇಡಿ. ಬೆರೆಸಿದ ಮೇಲಿನ ಸಾಂದ್ರತೆ ಮಿಲಿಲೀಟರಿಗೆ 0, 0.002, 0.005, 0.01, 0.02, 0.05, 0.1, 0.25 ಮಿಲಿಗ್ರಾಂ ಆಗುವಂತೆ ಇಮ್ಮಡಿ ಸಾಂದ್ರತೆಯಲ್ಲಿ ತಯಾರಿಸಿಕೊಳ್ಳಿ. ಈಗ ನಳಿಕೆಯನ್ನು ಕಲಕುತ್ತಿರುವಾಗಲೇ ಅರ್ಧ ಮಿಲಿಲೀಟರ್ ಲಿಪೊಸೋಮನ್ನು ಒಂದೇ ಏಟಿಗೆ ಸುರಿಯಿರಿ.

ಕ್ರಮವನ್ನು ಗಮನಿಸಿ: ಲಿಪೊಸೋಮ್ ಕೈಟೋಸಾನಿಗೆ ಹೋಗಬೇಕು. ಹಾಗೆ ಮಾಡಿದಾಗ ಒಳಬಂದ ಪ್ರತಿ ಲಿಪೊಸೋಮಿನ ಸುತ್ತ ಆರಂಭದಿಂದಲೇ ಸರಪಳಿಗಳು ಧಾರಾಳವಾಗಿರುತ್ತವೆ, ಸೊನ್ನೆಯ ಬಿಂದುವನ್ನು ಅದು ಇನ್ನೊಂದು ಲಿಪೊಸೋಮಿಗೆ ತಾಗುವ ಮೊದಲೇ ದಾಟಿಬಿಡುತ್ತದೆ. ಕೈಟೋಸಾನನ್ನು ಲಿಪೊಸೋಮಿಗೆ ಹನಿಸುವ ಪದ್ಧತಿಯೇ ಹೆಚ್ಚು ರೂಢಿಯಲ್ಲಿದೆ, ಚೆನ್ನಾಗಿ ಕಲಕಿದರೆ ಅದೂ ನಡೆಯುತ್ತದೆ. ಆದರೆ ನನ್ನ ಕೈಯಲ್ಲಿ ಈ ತಿರುವು ಮುರುವಿನ ಕ್ರಮವೇ ಪ್ರತಿ ಸಲವೂ ಹೆಚ್ಚು ನಂಬಿಕೆಗೆ ಯೋಗ್ಯವಾಗಿದೆ.

ಒಂದು ಗಂಟೆ ಬಿಟ್ಟು ಮೊದಲು ಕಣ್ಣಿನಿಂದ ನೋಡಿ. ನಡುವಿನ ಒಂದೆರಡು ನಳಿಕೆಗಳು ಬೆಳ್ಳಗಾಗಿ ಎರಡೂ ತುದಿಯವು ನೀಲಿ ಛಾಯೆ ಉಳಿಸಿಕೊಂಡಿದ್ದರೆ ನಿಮ್ಮ ಲೆಕ್ಕ ಸರಿಯಿದೆ.

ಐದನೆಯ ಹಂತ: ಅಳತೆ

ಬೆಳಕು ಚದುರಿಕೆಯ ಯಂತ್ರದಲ್ಲಿ ಗಾತ್ರವನ್ನೂ ಅದೇ ದ್ರವದ ಝೀಟಾ ವಿಭವವನ್ನೂ (ಕಣದ ಮೇಲ್ಮೈ ಆವೇಶವನ್ನು ತೋರುವ ವೋಲ್ಟೇಜ್) ಅಳೆಯಿರಿ. ತೆಳುಗೊಳಿಸುವುದಾದರೆ ಅದೇ ಬಫರಿನಲ್ಲಿ ತೆಳುಗೊಳಿಸಿ. ಬರಿ ನೀರು ಹಾಕಿದರೆ ಪಿಎಚ್ ಮತ್ತು ಲವಣ ಎರಡೂ ಬದಲಾಗಿ ಅಂಕಿ ಸುಳ್ಳಾಗುತ್ತದೆ. ಕೈಟೋಸಾನ್ ಇಲ್ಲದ ನಳಿಕೆಯಲ್ಲಿ ವಿಭವ ಋಣ ಬದಿಯಲ್ಲಿ ದೊಡ್ಡದಾಗಿರುತ್ತದೆ. 0.01ರ ಆಸುಪಾಸಿನಲ್ಲಿ ಸೊನ್ನೆ ಮುಟ್ಟುತ್ತದೆ, ಗಾತ್ರ ಹಲವು ಪಟ್ಟು ಹಾರುತ್ತದೆ. ಆಮೇಲೆ ಧನ ಬದಿಗೆ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಗಾತ್ರ ಮತ್ತೆ ಇಳಿದು ಬರಿಯ ಲಿಪೊಸೋಮಿಗಿಂತ ಹತ್ತಿಪ್ಪತ್ತು ನ್ಯಾನೋಮೀಟರ್ ಹೆಚ್ಚಾಗಿ ನೆಲೆಗೊಳ್ಳುತ್ತದೆ.

ವಿಭವ ಏರುವುದು ಎಲ್ಲಿ ನಿಂತಿತೋ ಅದಕ್ಕಿಂತ ತುಸು ಮುಂದಿನ ಪ್ರಮಾಣವನ್ನು ಆರಿಸಿಕೊಳ್ಳಿ. ವಿಭವ 30 ಮಿಲಿವೋಲ್ಟ್ ದಾಟಿದರೆ ಸಾಮಾನ್ಯವಾಗಿ ನೆಮ್ಮದಿ. ಬಹುಪ್ರಸರಣ ಸೂಚ್ಯಂಕ (ಕಣಗಳ ಗಾತ್ರ ಎಷ್ಟು ಹರಡಿದೆ ಎಂಬುದರ ಅಳತೆ) 0.2ಕ್ಕಿಂತ ಕೆಳಗಿದ್ದರೆ ಒಳ್ಳೆಯದು, 0.3 ದಾಟಿದರೆ ಆ ನಳಿಕೆಯನ್ನು ನಂಬಬೇಡಿ. ಇನ್ನೂ ಹೆಚ್ಚು ಕೈಟೋಸಾನ್ ಸುರಿದರೆ ಇನ್ನೂ ಗಟ್ಟಿ ಹೊದಿಕೆ ಬರುತ್ತದೆಂಬ ಆಸೆ ಬೇಡ. ಕೂರಲು ಜಾಗವಿಲ್ಲದ ಸರಪಳಿಗಳು ನೀರಿನಲ್ಲಿ ಅಲೆದಾಡುತ್ತವೆ, ಮುಂದೆ ಲೋಳೆಪೊರೆಯ ಪರೀಕ್ಷೆಯಲ್ಲಿ ಅವೇ ಮೊದಲು ಹೋಗಿ ಅಂಟಿ ನಿಮ್ಮ ಲಿಪೊಸೋಮಿಗೆ ಜಾಗವಿಲ್ಲದಂತೆ ಮಾಡುತ್ತವೆ.

ಆರನೆಯ ಹಂತ: ಪೊರೆಗೆ ಏನಾಯಿತು?

ಹೊದಿಕೆ ಹೊರಗೆ ಕೂತರೂ ಅದರ ಪ್ರಭಾವ ಒಳಕ್ಕೆ ಇಳಿಯುತ್ತದೆ. ದ್ರವಸ್ಥಿತಿಯ ಪೊರೆಯಲ್ಲಿ ಲಿಪಿಡ್‌ಗಳು ಪಕ್ಕಕ್ಕೆ ಸರಿದಾಡಬಲ್ಲವು. ಧನಾವೇಶದ ಸರಪಳಿ ಕೂತ ಜಾಗಕ್ಕೆ ಋಣಾವೇಶದ ಲಿಪಿಡ್‌ಗಳು ಸುತ್ತಲಿಂದ ಬಂದು ಗುಂಪುಗೂಡುತ್ತವೆ. ಆ ಗುಂಪಿನ ಅಂಚಿನಲ್ಲಿ ಪೊರೆಯ ಜೋಡಣೆ ಸಡಿಲವಾದರೆ ಔಷಧ ಸೋರಬಹುದು. ಇನ್ನೊಂದೆಡೆ, ಸರಪಳಿಯು ಲಿಪಿಡ್‌ಗಳ ತಲೆಗಳನ್ನು ಒಟ್ಟಿಗೆ ಹಿಡಿದು ಪೊರೆಯನ್ನು ಬಿಗಿಗೊಳಿಸಲೂಬಹುದು. ಯಾವುದಾಗುತ್ತದೆಂಬುದು ಲಿಪಿಡ್, ಸರಪಳಿಯ ಉದ್ದ, ಪ್ರಮಾಣ ಇವುಗಳ ಮೇಲೆ ನಿಂತಿದೆ. ಊಹಿಸದೆ ಅಳೆಯಿರಿ.

ಸೋರಿಕೆ ಅಳೆಯಲು ಲಿಪೊಸೋಮಿನೊಳಗೆ ಸಲ್ಫೊರೊಡಮೀನ್ ಬಿ ಬಣ್ಣವನ್ನು ಒತ್ತಾಗಿ ತುಂಬಿ. ಒತ್ತಾಗಿರುವಾಗ ಅದು ತನ್ನ ಹೊಳಪನ್ನು ತಾನೇ ಅಡಗಿಸಿಕೊಳ್ಳುತ್ತದೆ, ಸೋರಿ ಹರಡಿದಾಗ ಬೆಳಗುತ್ತದೆ. ಹೊರಗೆ ಉಳಿದ ಬಣ್ಣವನ್ನು ಹೊದಿಕೆ ಹಾಕುವ ಮೊದಲೇ ಜೆಲ್ ಸ್ತಂಭದಲ್ಲಿ ಬೇರ್ಪಡಿಸಿ. ಹೊದಿಸಿದ ಮೇಲೆ ಕೈಟೋಸಾನ್ ಸ್ತಂಭಕ್ಕೇ ಅಂಟಿಕೊಳ್ಳಬಹುದು. ಒಳಗಿನ ಬಣ್ಣದಿಂದ ಆಗುವ ಪರಾಸರಣ ಒತ್ತಡಕ್ಕೆ ಸರಿಯಾಗಿ ಹೊರಗೆ ಸುಕ್ರೋಸ್ ಸೇರಿಸಿ. ಕ್ಯಾಲ್ಸೀನ್ ಹೆಚ್ಚು ಪ್ರಸಿದ್ಧವಾದರೂ ಪಿಎಚ್ 5ರಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಹೊಳಪೂ ಕುಗ್ಗುತ್ತದೆ, ಮೇಲಾಗಿ ಅದರ ಋಣಾವೇಶಗಳು ಕೈಟೋಸಾನಿಗೆ ಅಂಟುತ್ತವೆ. ಕೊನೆಯಲ್ಲಿ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಹಾಕಿ ಎಲ್ಲವನ್ನೂ ಒಡೆದರೆ ನೂರರ ಗುರುತು ಸಿಗುತ್ತದೆ. ಆಗಿನ ಹೊಳಪಿನಿಂದ ಆರಂಭದ ಹೊಳಪನ್ನು ಕಳೆದರೆ ಛೇದ. ಅಳತೆಯ ಹೊತ್ತಿನ ಹೊಳಪಿನಿಂದ ಆರಂಭದ ಹೊಳಪನ್ನು ಕಳೆದರೆ ಅಂಶ. ಲಿಪೊಸೋಮ್ ಇಲ್ಲದ ಬಿಡಿ ಬಣ್ಣಕ್ಕೆ ಕೈಟೋಸಾನ್ ಹಾಕಿದ ಒಂದು ನಳಿಕೆ ಪಕ್ಕದಲ್ಲಿ ಇರಲೇಬೇಕು. ಅದಿಲ್ಲದೆ ಈ ಪರೀಕ್ಷೆಗೆ ಬೆಲೆಯಿಲ್ಲ.

ಏಳನೆಯ ಹಂತ: ದೇಹದ ಪರಿಸರಕ್ಕೆ ಒಯ್ಯುವುದು

ಇಲ್ಲಿಯವರೆಗಿನ ಎಲ್ಲವೂ ಪಿಎಚ್ 5ರ ತೆಳು ಬಫರಿನ ಮಾತು. ಮೊದಲು ಹೇಳಿದ 97 ಮತ್ತು 11ರ ಅಂಕಿಗಳು ಈಗ ಬೇಕು. ರಕ್ತದ ಪಿಎಚ್‌ನಲ್ಲಿ ಕೈಟೋಸಾನ್ ತನ್ನ ಹೆಚ್ಚಿನ ಆವೇಶ ಕಳೆದುಕೊಳ್ಳುತ್ತದೆ, ನೀರಿನಲ್ಲಿ ಕರಗುವುದೂ ಕಷ್ಟ. ಲವಣವೂ ಬಲ ಕುಗ್ಗಿಸುತ್ತದೆ: 10 ಮಿಲಿಮೋಲಾರ್ ಲವಣದಲ್ಲಿ ವಿದ್ಯುತ್ ಬಲ ಸುಮಾರು 3 ನ್ಯಾನೋಮೀಟರ್ ದೂರ ತಲುಪಿದರೆ, ದೇಹದ್ರವದ 150 ಮಿಲಿಮೋಲಾರಿನಲ್ಲಿ 0.8 ಮಾತ್ರ. ಹೊದಿಕೆ ಕಳಚಬಹುದು, ಮುದುಡಬಹುದು, ಲಿಪೊಸೋಮ್‌ಗಳು ಒಂದಕ್ಕೊಂದು ಅಂಟಬಹುದು. ನಿಮ್ಮ ಮಾದರಿಯನ್ನು ಪಿಎಚ್ 7.4ರ ಲವಣ ಬಫರಿಗೆ ಹಾಕಿ 1, 4, 24 ಗಂಟೆಗಳಲ್ಲಿ ಗಾತ್ರ ಅಳೆಯಿರಿ. ಇದನ್ನು ಮಾಡದೆ ‘ಸ್ಥಿರವಾಗಿದೆ’ ಎಂದು ಬರೆಯುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅಂಟಿಕೊಂಡರೆ ದಾರಿಗಳಿವೆ. ಟ್ರೈಮೀಥೈಲ್ ಕೈಟೋಸಾನಿನ ಆವೇಶ ಪಿಎಚ್ ಬದಲಾದರೂ ಉಳಿಯುತ್ತದೆ. ಸರಪಳಿಗೆ ಕೊಬ್ಬಿನ ಬಾಲ ಕಟ್ಟಿದರೆ ಆವೇಶ ಹೋದರೂ ಲಂಗರು ಬಿಡುವುದಿಲ್ಲ. ಬಾಯಿಯ ಮೂಲಕ ಕೊಡುವುದಾದರೆ ಕೈಟೋಸಾನಿನ ಮೇಲೆ ಆಲ್ಜಿನೇಟಿನ ಎರಡನೆಯ ಪದರ ಹಾಕುವುದು ನನಗೆ ಹೆಚ್ಚು ಹಿಡಿಸಿದ ಉಪಾಯ. ಆಲ್ಜಿನೇಟಿನ ಆಮ್ಲ ಗುಂಪುಗಳು ಜಠರದ ಹುಳಿಯಲ್ಲಿ ಆವೇಶ ಕಳೆದುಕೊಂಡು ಬಿಗಿಯುತ್ತವೆ, ಕರುಳಿನಲ್ಲಿ ಮತ್ತೆ ಸಡಿಲಗೊಳ್ಳುತ್ತವೆ. ಎರಡನೆಯ ಪದರಕ್ಕೂ ಅದೇ ಸೊನ್ನೆಯ ಬಿಂದುವಿದೆ. ಎಂಟು ನಳಿಕೆಗಳ ಕೆಲಸವನ್ನು ಹೊಸದಾಗಿ ಮಾಡಬೇಕು, ಈ ಸಲ ಹೊದಿಸಿದ ಲಿಪೊಸೋಮನ್ನು ಆಲ್ಜಿನೇಟಿಗೆ ಸುರಿಯಬೇಕು.

ಇಡುವುದು

ಪಿಎಚ್ 5ರಲ್ಲಿ ಲಿಪೊಸೋಮನ್ನು ತಿಂಗಳುಗಟ್ಟಲೆ ದ್ರವವಾಗಿಯೇ ಇಡಬೇಡಿ. ಫಾಸ್ಫಟಿಡಿಲ್‌ಕೋಲೀನಿನ ಎಸ್ಟರ್ ಬಂಧ ಅತಿ ನಿಧಾನವಾಗಿ ಕಡಿಯುವುದು ಪಿಎಚ್ 6.5ರ ಸುಮಾರಿಗೆ, ಹುಳಿ ಹೆಚ್ಚಿದಂತೆ ವೇಗ ಏರುತ್ತದೆ. ಕೆಲವೇ ದಿನಗಳ ಮಟ್ಟಿಗಾದರೆ 4 ಡಿಗ್ರಿಯಲ್ಲಿ ಸಾಕು. ಹೆಚ್ಚು ಕಾಲ ಬೇಕಿದ್ದರೆ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿ ಹೆಪ್ಪುಗಟ್ಟಿಸಿ ಒಣಗಿಸಿ. ಮರಳಿ ನೀರು ಹಾಕಿದ ದಿನ ಗಾತ್ರ, ವಿಭವ, ಸೋರಿಕೆ ಮೂರನ್ನೂ ಮತ್ತೆ ಅಳೆದು, ಒಣಗಿಸುವ ಮುನ್ನಿನ ಅಂಕಿಗಳ ಪಕ್ಕದಲ್ಲೇ ಬರೆದಿಡಿ. ಮೊದಲ ನೋಟಕ್ಕೆ ಮಾತ್ರ ಯಂತ್ರ ಬೇಡ: ಶೀಷೆಯನ್ನು ಬೆಳಕಿಗೆ ಹಿಡಿದು ನೀಲಿ ಛಾಯೆ ಮರಳಿದೆಯೇ ಎಂದು ನೋಡಿ.